ಮುಖ ಕಾಣದ ಲ್ಯಾಪ್‌ಟಾಪ್

"ಹಳೇದೇ ಚೆನ್ನಾಗಿ ಓಡ್ತಿದೆ, ಸುಮ್ಮನಿರು" ಅಂದೆ. ನನ್ನ ಗಂಡ ನಿರಂಜನ ಕೇಳಬೇಕಲ್ಲ. ಐರ್ಲೆಂಡಿನ ಲೀಕ್ಸ್‌ಲಿಪ್ ಊರಿನಲ್ಲಿ ಕಂಪ್ಯೂಟರ್ ಚಿಪ್ ಮಾಡುವವನ ಮನೆಯಲ್ಲಿ ಹಳೇ ಆಪರೇಟಿಂಗ್ ಸಿಸ್ಟಮ್ ಇದ್ದರೆ ಮರ್ಯಾದೆ ಹೋಗುತ್ತಂತೆ. ಹೊಸದಕ್ಕೆ ಪಾಸ್‌ವರ್ಡ್ ಬೇಡ, ಮುಖ ತೋರಿಸಿದರೆ ಸಾಕು ಅಂದ.

ಶನಿವಾರವೆಲ್ಲ ಕೂತು ಅದನ್ನು ಹಾಕಿದ. ಆಮೇಲೆ ಮುಖ ತೋರಿಸಿದರೆ, ಮುಖವೇ ಕಾಣಿಸುತ್ತಿಲ್ಲ ಅಂತು ಲ್ಯಾಪ್‌ಟಾಪ್. ಕನ್ನಡಕ ತೆಗೆದ, ಗಡ್ಡ ಬೋಳಿಸಿದ, ಬೆಳಕು ಸಾಲದು ಅಂತ ಇಲ್ಲಿನ ಮೋಡಕ್ಕೂ ಬೈದ. ಮಗಳು ಐಶು ಮಾತ್ರ, "ಡ್ಯಾಡಿ, ಯು ಲುಕ್ ಗ್ರ್ಯಾಂಡ್" ಅಂದಳು.

ಕೊನೆಗೆ, "ಹೊಸ ಸಿಸ್ಟಮ್ಮೇ ದಂಡ" ಅಂತ ಅದನ್ನು ಕಿತ್ತುಹಾಕಿ ಹಳೆಯದನ್ನೇ ತಂದು ಕೂರಿಸಿದ.

ಮುಂದಿನ ವಾರ ಆಯುಧಪೂಜೆ. ಲ್ಯಾಪ್‌ಟಾಪ್ ಒರೆಸಲು ಕೂತೆ. ಪರದೆಯ ಕಪ್ಪು ಅಂಚಿನಲ್ಲಿ, ಸರಿಯಾಗಿ ಕ್ಯಾಮೆರಾದ ಮೇಲೆ, ಹೋದ ವರ್ಷ ನಾನೇ ಇಟ್ಟ ಕುಂಕುಮದ ಬೊಟ್ಟು ಒಣಗಿ ಕಪ್ಪಾಗಿ ಕೂತಿತ್ತು. ನಮ್ಮ ವೀಡಿಯೊ ಕಾಲೆಲ್ಲ ಫೋನಿನಲ್ಲೇ ಆಗುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚೆನ್ನಾಗಿ ಒರೆಸಿದೆ. ಮುಂದಿನ ವರ್ಷ ಇನ್ನೂ ಹೊಸದೊಂದು ಬರುತ್ತಂತೆ ಅಂತ ನಿರಂಜನ ಆಗಲೇ ಶುರು ಮಾಡಿದ್ದ. ಕುಂಕುಮ ಕಲಸಿಕೊಂಡು ಬಂದು, ಈ ಸಲವೂ ಬೊಟ್ಟನ್ನು ಅಲ್ಲೇ ಇಟ್ಟೆ.