ಕಪ್ಪು ಕೂಸಿಗೂ ಕಾಮಾಲೆ ಬರುತ್ತದೆ

ನಾಲ್ಕು ದಿನದ ಕೂಸು ಹಾಲು ಬಿಟ್ಟು ಮಲಗಿತ್ತು. ಎಬ್ಬಿಸಿದರೆ ಎರಡು ಗುಟುಕು ಹೀರಿ ಮತ್ತೆ ನಿದ್ದೆ. ಹೊಲಿಗೆ ಕೆಲಸ ಮಾಡುವ ಬಾಣಂತಿಗೆ ಗಾಬರಿ. ಅವಳ ತಾಯಿಗೆ ಮಾತ್ರ ಹೆಮ್ಮೆ.

"ಎಷ್ಟು ಸಾಧು ಮಗು ನೋಡೇ! ನೀನು ಹುಟ್ಟಿದಾಗ ಬೀದಿಯವರ ನಿದ್ದೆಯೆಲ್ಲ ಕೆಡಿಸಿದ್ದೆ."

ಪಕ್ಕದ ಮನೆಯ ನರ್ಸಕ್ಕ ಮಧ್ಯಾಹ್ನ ಕೆಲಸ ಮುಗಿಸಿ ಬರುತ್ತಾ ಇಣುಕಿದಳು.

"ಅಜ್ಜಿ, ಇದು ಸಾಧುತನ ಅಲ್ಲ, ಸುಸ್ತು. ಕಾಮಾಲೆ ಇರಬಹುದು."

"ಹೋಗೇ! ನಮ್ಮದು ಕಾಡಿಗೆಯಂಥ ಬಣ್ಣದ ವಂಶ. ಹಳದಿ ಆಗೋದೆಲ್ಲ ಬೆಳ್ಳಗಿರೋರ ಮಕ್ಕಳು. ಬೆಳಿಗ್ಗೆ ಡಾಕ್ಟರೇ ನೋಡಿ, ಏನೂ ಇಲ್ಲ ಅಂದ್ರು."

"ಎಲ್ಲಿ ನೋಡಿದ್ರು?"

"ಕೆನ್ನೆ ನೋಡಿದ್ರು, ಆಸ್ಪತ್ರೆ ಗೋಡೆ ಮೇಲಿನ ಕಾಮಾಲೆ ಮಕ್ಕಳ ಚಿತ್ರ ನೋಡಿದ್ರು. ಮುಗೀತು."

ನರ್ಸಕ್ಕ ಕೂಸನ್ನು ಕಿಟಕಿಯ ಬೆಳಕಿಗೆ ತಂದು ರೆಪ್ಪೆಯನ್ನು ಮೆಲ್ಲಗೆ ಬಿಡಿಸಿದಳು. ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು. ಒಸಡನ್ನು ಒತ್ತಿ ಬಿಟ್ಟಳು. ಅಲ್ಲೂ ಹಳದಿ. ಅಜ್ಜಿ ಬಗ್ಗಿ ತಾನೂ ನೋಡಿದಳು.

"ಆ ಚಿತ್ರದಲ್ಲಿರೋದೆಲ್ಲ ಬೆಳ್ಳಗಿನ ಮಕ್ಕಳು, ಅಜ್ಜಿ. ಡಾಕ್ಟರು ಓದಿದ ಪುಸ್ತಕದಲ್ಲೂ ಹೆಚ್ಚಿನವು ಅವೇ. ಅವರು ಕೆಟ್ಟವರಲ್ಲ. ಆದ್ರೆ ಅವರಿಗೆ ಕಲಿಸಿದೋರು ನಮ್ಮ ಮಕ್ಕಳನ್ನ ಲೆಕ್ಕಕ್ಕೇ ತಗೊಂಡಿಲ್ಲ. ಕಾಮಾಲೆ ಏರಿದ್ರೆ ಮಿದುಳಿಗೆ ಪೆಟ್ಟು. ಏಳಿ, ರಕ್ತ ಪರೀಕ್ಷೆ ಕೇಳೋಣ."

"ಬೈತಾರೆ ಕಣೇ. ನಮ್ಮಂಥೋರನ್ನ ಕಂಡ್ರೆ ಅಲ್ಲಿ ಮೊದಲೇ ಸಿಡುಕು."

"ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ. ನಡೀರಿ."

ಆಸ್ಪತ್ರೆಯಲ್ಲಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಬೆಳಿಗ್ಗೆ ತಾನೇ ನೋಡಿದೆನಲ್ಲ?"

ಉತ್ತರ ಕೊಟ್ಟವಳು ನರ್ಸಕ್ಕ ಅಲ್ಲ, ಅಜ್ಜಿ. "ಕೆನ್ನೆ ನೋಡಿದ್ರಿ ಸ್ವಾಮಿ. ಈಗ ಕಣ್ಣು ನೋಡಿ, ರಕ್ತ ನೋಡಿ. ನೋಡೋವರೆಗೂ ನಾನು ಈ ಬೆಂಚು ಬಿಟ್ಟು ಏಳಲ್ಲ."

ರಕ್ತ ನೋಡಿದರು. ಕಾಮಾಲೆ ಮಿತಿ ಮೀರಿತ್ತು. ಕೂಸನ್ನು ತಕ್ಷಣ ಕಾಮಾಲೆ ಇಳಿಸುವ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. "ಇನ್ನೂ ತಡವಾಗಿದ್ದರೆ ಕಷ್ಟವಿತ್ತು. ನಾನು ಕಣ್ಣು ನೋಡಬೇಕಿತ್ತು" ಎಂದು ಡಾಕ್ಟರು ಒಪ್ಪಿಕೊಂಡರು. ಎರಡು ದಿನ ಕಳೆದ ಮೇಲೆ ಕೂಸು ಹಾಲಿಗಾಗಿ ವಾರ್ಡೇ ಹಾರಿಹೋಗುವಂತೆ ಕಿರುಚಿತು. ಅಜ್ಜಿ ಅತ್ತಳು, ನಕ್ಕಳು.

ಓದುತ್ತಿರುವ ಅಕ್ಕಾ, ಅಣ್ಣಾ, ಕಪ್ಪು ಮಗುವಿನ ಕೆನ್ನೆಯನ್ನಷ್ಟೇ ನಂಬಬೇಡಿ. ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿ ಭಾಗ ನೋಡಿ, ಒಸಡು ನೋಡಿ. ಹಾಲು ಬಿಟ್ಟು ಮಲಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ರಕ್ತ ಪರೀಕ್ಷೆ ಕೇಳಿ. ಅಲ್ಲಿನ ಗೋಡೆಯ ಚಿತ್ರದಲ್ಲಿ ನಿಮ್ಮಂಥ ಮಗು ಇಲ್ಲದಿದ್ದರೆ, ಯಾಕಿಲ್ಲ ಎಂದೂ ಕೇಳಿ. ಸಿಡುಕಿದರೆ ಸಿಡುಕಲಿ. ಕೂಸಿಗೆ ಕೇಳಲು ಬಾಯಿಲ್ಲ, ನಿಮಗಿದೆ.