ಸೋಸಿ ಚೆಲ್ಲಿದ ಗದ್ದಲ

ನಡುಗದ ಮೇಜಿಗೆ ಒಂದು ಕಾರಿನ ಬೆಲೆ, ಅದರ ಮೇಲಿನ ಸೂಕ್ಷ್ಮದರ್ಶಕಕ್ಕೆ ಒಂದು ಮನೆಯ ಬೆಲೆ. ಹೊರಗಿನ ವಿದ್ಯುತ್ತಿನ ಸದ್ದು ಒಳಬರದಂತೆ ಸುತ್ತಲೂ ಹಾಕಿದ ತಾಮ್ರದ ಜಾಲರಿಯನ್ನು ಮಾತ್ರ ಪ್ರಯೋಗಾಲಯದ ಮೇಡಂ ಕೈಯಾರೆ ಕಟ್ಟಿದ್ದರು. ಅದಕ್ಕೆ ತೆತ್ತದ್ದು ಎರಡು ಉಗುರು, ಒಂದು ಬೇಸಿಗೆ ರಜೆ. ನರಕೋಶದ ಮಿಡಿತವನ್ನು ಇಷ್ಟು ಶುಭ್ರವಾಗಿ ಹಿಡಿಯುವ ಕೋಣೆ ಇಡೀ ಕಟ್ಟಡದಲ್ಲಿ ಇನ್ನೊಂದಿಲ್ಲವೆಂದು ಅವರಿಗೆ ತುಸು ಜಂಬವೂ ಇತ್ತು.

ಅವರ ಶಿಷ್ಯೆಗೆ ಬೇಕಾದದ್ದು ಮಿಡಿತವಲ್ಲ, ಮಿಡಿತಗಳ ನಡುವಿನ ಗದ್ದಲ. ಸುಮ್ಮನಿರುವಾಗಲೂ ಕೋಶದ ವಿದ್ಯುತ್ತು ಅತ್ತಿತ್ತ ತೊನೆಯುತ್ತದೆ. ಆ ತೊನೆತ ಎಷ್ಟು ಹರಡಬೇಕೆಂದು, ಪರಮಾಣುಗಳಿಗೆ ಬಳಸುವ ಕ್ವಾಂಟಂ ಸಮೀಕರಣದ ಅಚ್ಚಿನಲ್ಲೇ ಅವಳು ಮೊದಲೇ ಲೆಕ್ಕಹಾಕಿ ಗೆರೆ ಎಳೆದಿದ್ದಳು. ಅಳತೆ ಮಾತ್ರ ಗೆರೆಗೆ ಕೂಡಿಬರುತ್ತಿರಲಿಲ್ಲ. ಈ ತಿಂಗಳೂ ಕೂಡಿಬರದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಿಸಬೇಕೆಂದು ಅವಳ ಪಿಎಚ್‌ಡಿ ಸಮಿತಿ ಖಡಾಖಂಡಿತವಾಗಿ ಹೇಳಿತ್ತು.

"ಮಿದುಳು ಕ್ವಾಂಟಂ ಯಂತ್ರ ಅಂತೀಯಾ ಅಂತ ಮತ್ತೆ ಕೇಳಿದ್ರು, ಮೇಡಂ."

"ನೀನೇನಂದೆ?"

"ಅಂಗಿ ಅಳತೆ ಒಂದೇ ಆದ ಮಾತ್ರಕ್ಕೆ ಇಬ್ರೂ ಅಣ್ಣತಮ್ಮ ಆಗಲ್ಲ ಅಂದೆ."

"ಬಾಯಿಗೇನೂ ಕಮ್ಮಿಯಿಲ್ಲ. ಗೆರೆ ಯಾಕೆ ಕೂಡ್ತಿಲ್ಲ, ಅದನ್ನ ಹೇಳು."

"ಗದ್ದಲ ತೀರಾ ಕಡಿಮೆ ಸಿಗ್ತಿದೆ. ಯಾವ ಕೋಶಾನೂ ಇಷ್ಟು ಸಾಧು ಇರಲ್ಲ."

ಮೇಡಂ ಕೈ ತಂತಾನೇ ಕೋಶದ ಸಣ್ಣ ಮಿಡಿತವನ್ನು ಹಿಗ್ಗಿಸುವ ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂಬದಿಗೆ ಹೋಯಿತು. ಅಲ್ಲಿತ್ತು ಫಿಲ್ಟರಿನ ತಿರುಗುಗುಂಡಿ. ಬೆಳಿಗ್ಗೆ ಬಂದೊಡನೆ ದೀಪ ಹಾಕಿದಷ್ಟೇ ಸಹಜವಾಗಿ ಅದನ್ನು ಪೂರಾ ತಿರುಗಿಸಿಡುವುದು ಅವರ ರೂಢಿ. ಮಿಡಿತ ಶುಭ್ರವಾಗಿ ಕಾಣಲೆಂದು ಅದು ಗದ್ದಲವನ್ನೆಲ್ಲ ಸೋಸಿ ಚೆಲ್ಲುತ್ತಿತ್ತು.

"ಅಯ್ಯೋ ತಾಯಿ! ನೀನು ಹುಡುಕ್ತಿದ್ದಿದ್ದನ್ನ ದಿನಾ ನಾನೇ ಗುಡಿಸಿ ಹಾಕ್ತಿದ್ದೆನಲ್ಲೇ!"

ಶಿಷ್ಯೆ ಒಮ್ಮೆ ಗುಂಡಿಯನ್ನು, ಒಮ್ಮೆ ಅವರ ಮುಖವನ್ನು ನೋಡಿದಳು. "ನಾನೂ ಹಿಂದೆ ಬಗ್ಗಿ ನೋಡ್ಲಿಲ್ಲ. ನಿಮ್ಮ ಪೆಟ್ಟಿಗೆ ಮುಟ್ಟಿದ್ರೆ ಬೈತೀರಾ ಅಂತ..."

"ಬೈತಿದ್ದೆ, ಸುಳ್ಳಲ್ಲ. ಈಗ ನೀನೇ ತಿರುಗಿಸು."

ಹಳೆಯ ಅಳತೆಗಳನ್ನೆಲ್ಲ ಬದಿಗಿಟ್ಟು ಇಬ್ಬರೂ ಮೊದಲಿನಿಂದ ಕೂತರು. ಒಂದೊಂದೇ ಕೋಶದ ಚುಕ್ಕೆ, ಹೇಳಿಸಿಕೊಂಡಂತೆ ಬಂದು ಗೆರೆಯ ಮೇಲೆ ಕೂತಿತು.

ಸಮಿತಿಯ ಹಿರಿಯರು ಚಿತ್ರ ನೋಡಿ ಹುಬ್ಬೇರಿಸಿದರು. "ಏನ್ ಮೇಡಂ, ಇಷ್ಟು ಗಲೀಜು ಚಿತ್ರ ನಿಮ್ಮ ಕೋಣೆಯದೇನಾ?"

"ನಮ್ಮದೇ, ಸರ್. ಹೊರಗಿನ ಗದ್ದಲ ಒಂದು ಚೂರೂ ನನ್ನ ಜಾಲರಿ ದಾಟಿಲ್ಲ. ಇದು ಅಪ್ಪಟ ಕೋಶದ್ದೇ. ಫಿಲ್ಟರ್ ತಪ್ಪು ನಂದು, ಗೆರೆ ಇವಳದು," ಎಂದು ಮೇಡಂ ಎದೆಯುಬ್ಬಿಸಿ ಶಿಷ್ಯೆಯನ್ನು ಮುಂದಕ್ಕೆ ದೂಡಿದರು.

ಹೋದದ್ದು ಒಂದು ವರ್ಷದ ಅಳತೆ. ಉಳಿದದ್ದು ಹುಡುಗಿಯ ವಿಷಯ. ಅದು ಅವಳ ಹೆಸರಿನಲ್ಲೇ ಉಳಿಯಿತು.