ಕೆಂಪು ದೀಪಕ್ಕೆ ಕಪ್ಪು ಟೇಪು

ನನ್ನ ಗಂಡ ನಾರ್ಮನ್‌ಗೆ ಲಾರಿ ಓಡಿಸಲು ಬರುವುದಿಲ್ಲ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಬೆನ್ನ ಹಿಂದೆ ಆಡುವ ಅಭ್ಯಾಸ ನನಗಿಲ್ಲ. ಅವನಿಗೆ ಬರುವುದು ಲಾರಿ ತೊಳೆಯುವುದು, ಒರೆಸುವುದು, ಶೀತವಾದೀತೆಂದು ಅದಕ್ಕೆ ಟಾರ್ಪಾಲು ಹೊದಿಸುವುದು. ಕೊಂಡು ಹನ್ನೊಂದು ವರ್ಷವಾಯಿತು, ಈ ಮಹಾರಾಯ ಅದರ ಆಕ್ಸಿಲರೇಟರನ್ನು ಒಂದು ದಿನವಾದರೂ ಪೂರ್ತಿ ಒತ್ತಿದ್ದರೆ ಕೇಳಿ. ಲೀ ಕಣಿವೆಯಲ್ಲಿ ಹೂ ಬೆಳೆಯುವ ಗಾಜಿನ ಮನೆಗಳಿಂದ ಹೂಕುಂಡ ಹೇರಿಕೊಂಡು ಲಂಡನ್ ಮಾರುಕಟ್ಟೆಗೆ ಹೋಗುವಾಗ ಸೈಕಲ್ ತುಳಿಯುವ ಮುದುಕಿಯರೂ ಇವನನ್ನು ದಾಟಿಕೊಂಡು ಹೋಗುತ್ತಿದ್ದರು.

ಈ ವರ್ಷ ಲಂಡನ್ನಿನವರು ಹಳೆಯ ಲಾರಿಗಳಿಗೆ ಹೊಸ ಕಟ್ಟಳೆ ತಂದರು. ಮಸಿ ಹಿಡಿಯುವ ಫಿಲ್ಟರ್ ಹಾಕಿಸಿ, ಹೊಗೆ ಪರೀಕ್ಷೆ ಪಾಸು ಮಾಡಿಸಿ, ಸರ್ಟಿಫಿಕೇಟ್ ತಂದರೆ ಮಾತ್ರ ಊರೊಳಗೆ ಪ್ರವೇಶ. ಗಾಜಿನ ಮನೆಗಳ ಯಜಮಾನ ಸಾಲ್ವೋ ನಯವಾಗಿಯೇ ಹೇಳಿದ್ದ: ಶುಕ್ರವಾರ ಸಂಜೆಯೊಳಗೆ ಸರ್ಟಿಫಿಕೇಟ್ ತೋರಿಸದಿದ್ದರೆ ಸೋಮವಾರದಿಂದ ಅವನ ಹೂವು ಬೇರೆಯವರ ಲಾರಿಯಲ್ಲಿ ಹೋಗುತ್ತದೆ. ನಮಗಿರುವುದು ಅದೊಂದೇ ಬಾಡಿಗೆ. ಅದು ತಪ್ಪಿದರೆ ಒಲೆಯ ಮೇಲೆ ಇಡಲು ಏನೂ ಇರುವುದಿಲ್ಲ.

ಫಿಲ್ಟರ್ ಕೂರಿಸಿದ ಮೆಕ್ಯಾನಿಕ್ ನಮ್ಮಿಬ್ಬರಿಗೂ ಬಿಡಿಸಿ ಹೇಳಿದ್ದ. ಎಂಜಿನ್ ಚೆನ್ನಾಗಿ ಕಾದು ಬಿಸಿ ಹೊಗೆ ಬಿಟ್ಟರೆ ಫಿಲ್ಟರಿನೊಳಗಿನ ಮಸಿ ತಾನೇ ಸುಟ್ಟುಹೋಗುತ್ತದೆ, ಲಾರಿಯನ್ನು ಬಿರುಸಾಗಿ ಓಡಿಸಿ, ಮಸಿ ಕಟ್ಟಿಕೊಂಡರೆ ಮೀಟರುಗಳ ಪಕ್ಕದಲ್ಲಿ ಕೆಂಪು ದೀಪ ಹತ್ತುತ್ತದೆ ಎಂದ. ನಾರ್ಮನ್ ತಲೆಯಾಡಿಸಿದ. ಮನೆಗೆ ಬಂದವನೇ, ಪಾಪ ಹೊಸ ಭಾಗ, ಮೆಲ್ಲಗೆ ಒಗ್ಗಿಕೊಳ್ಳಲಿ ಎಂದು ಅಂಗಳದಲ್ಲೇ ಗುರ್ ಗುರ್ ಎನ್ನಿಸುತ್ತ ನಿಲ್ಲಿಸಿದ. ದಿನವೂ ಅದೇ ಪೂಜೆ. ರಸ್ತೆಗಿಳಿಸಿದರೆ ಎಂದಿನ ಆಮೆ ನಡಿಗೆ. ಹೇಳಿ ಹೇಳಿ ನನ್ನ ಬಾಯಿ ಬತ್ತಿತು.

ಶುಕ್ರವಾರ ಮಧ್ಯಾಹ್ನ ಹಾರ್ಲೋ ಪರೀಕ್ಷಾ ಕೇಂದ್ರಕ್ಕೆ ಹೋದೆವು. ಪರೀಕ್ಷಕ ಅಡೆಯೆಮಿ ಕ್ಯಾಬಿನ್ ಹತ್ತಿ, ಮೀಟರುಗಳ ಮೇಲೆ ಕಣ್ಣಾಡಿಸಿ, ಒಂದು ಕಡೆ ಬೆರಳಿಟ್ಟು ಕೆರೆದರು. ಕಪ್ಪು ಟೇಪಿನ ತುಂಡೊಂದು ಕಿತ್ತು ಬಂತು. ಅಡಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು.

"ಇದೇನ್ರೀ?" ಎಂದರು.

"ಕಣ್ಣಿಗೆ ಚುಚ್ತಿತ್ತು ಸಾರ್," ಎಂದ ನನ್ನ ಗಂಡ.

ನಾನು ಹಣೆ ಚಚ್ಚಿಕೊಂಡೆ. ದೀಪಕ್ಕೆ ಟೇಪು ಅಂಟಿಸಿದರೆ ಮಸಿ ಹೆದರಿ ಓಡಿಹೋಗುತ್ತದೆಂದು ಇವನಿಗೆ ಯಾರು ಹೇಳಿಕೊಟ್ಟರೋ. ಅಡೆಯೆಮಿ ಒಳ್ಳೆಯವರು, ಬೈಯಲಿಲ್ಲ. ಫಿಲ್ಟರ್ ಕಟ್ಟಿಕೊಂಡಿದೆ, ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸಿಕೊಂಡು ಬನ್ನಿ, ಬಾಗಿಲು ಹಾಕುವುದರೊಳಗೆ ದೀಪ ಆರಿದ್ದರೆ ಪರೀಕ್ಷೆ ಮಾಡುತ್ತೇನೆ, ಇಲ್ಲದಿದ್ದರೆ ಇನ್ನು ಮುಂದಿನ ತಿಂಗಳೇ ಎಂದರು. ನಾರ್ಮನ್ ಮುಖ ಅರಳಿತು. ಮುಂದಿನ ತಿಂಗಳೇ ಆಗಲಿ ಬಿಡು, ಅಷ್ಟರಲ್ಲಿ ಲಾರಿಯೂ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ ಎಂದ.

ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡೆ. ದೊಡ್ಡ ಲಾರಿಯ ಲೈಸೆನ್ಸ್ ನನಗೂ ಇದೆ. ನನ್ನಪ್ಪನ ಇಟ್ಟಿಗೆ ಲಾರಿಯನ್ನು ಓಡಿಸಿ ಬೆಳೆದವಳು ನಾನು. ಆದರೆ ನಿನ್ನ ಕಾಲು ಭಾರ ಎಂದು ಇವನು ತನ್ನ ಲಾರಿಯ ಸ್ಟೀರಿಂಗನ್ನು ಒಮ್ಮೆಯೂ ಮುಟ್ಟಲು ಬಿಟ್ಟಿರಲಿಲ್ಲ. ಹೆದ್ದಾರಿಗೆ ಏರಿದ್ದೇ ಒಂದು ಗೇರು ಇಳಿಸಿ ಕಾಲನ್ನು ಕೆಳಗಿನವರೆಗೂ ಒತ್ತಿದೆ. ಲಾರಿ ಬೆಚ್ಚಿ ಒಮ್ಮೆ ಕೆಮ್ಮಿತು, ಆಮೇಲೆ ಒದರಿಕೊಂಡು ಓಡಿತು. ಪಕ್ಕದಲ್ಲಿ ನಾರ್ಮನ್ ಬಾಗಿಲಿನ ಹಿಡಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ.

"ಸತ್ತುಹೋಗುತ್ತೆ ಕಣೇ ಮೇವಿಸ್. ಕೈ ಮುಗೀತೀನಿ, ಸ್ವಲ್ಪ ಬಿಡೇ."

ಬಿಡಲಿಲ್ಲ. ಸುಳ್ಳೇಕೆ, ನನಗೆ ಹಿತವಾಗಿತ್ತು. ಎಪಿಂಗ್ ದಾಟಿದ ಮೇಲೆ ದೀಪ ಮಿನುಗಿತು, ಮತ್ತೆ ಹತ್ತಿತು. ಮುಂದಿನ ಏರಿನಲ್ಲಿ ಆರಿತು. ಕಣ್ಣು ಬಿಡೋ ಎಂದೆ. ಬಿಟ್ಟು ನೋಡಿದ, ಮತ್ತೆ ಮುಚ್ಚಿಕೊಂಡ.

ಬಾಗಿಲು ಹಾಕುವ ಮೊದಲೇ ಕೇಂದ್ರಕ್ಕೆ ಮರಳಿದೆವು. ಅಡೆಯೆಮಿ ಸೈಲೆನ್ಸರಿಗೆ ಕೊಳವೆ ತೂರಿಸಿ ಎಂಜಿನ್ನನ್ನು ಮತ್ತೆ ಮತ್ತೆ ಕಿರುಚಿಸಿದರು. ಯಂತ್ರಕ್ಕೆ ಸಿಕ್ಕ ಹೊಗೆ ಇಲ್ಲವೆನ್ನುವಷ್ಟು. ಸರ್ಟಿಫಿಕೇಟ್ ಕೈಗಿಡುತ್ತ, ಲಂಡನ್ನಿನ ಸಂದಣಿಯಲ್ಲಿ ತೆವಳಿದರೆ ಇದು ಮತ್ತೆ ಕಟ್ಟಿಕೊಳ್ಳುತ್ತದೆ, ಆಗಾಗ ಹೀಗೇ ಓಡಿಸುತ್ತಿರಿ ಎಂದರು. ಲಂಡನ್ನಿಗೆ ಹೋಗಲು ಹಾಕಿಸಿದ ಫಿಲ್ಟರಿಗೆ ಲಂಡನ್ನೇ ಆಗಿಬರುವುದಿಲ್ಲವಂತೆ! ಇಂಥ ಬುದ್ಧಿವಂತರ ಕೈಯಲ್ಲಿ ನಮ್ಮ ಅನ್ನ.

ಮನೆಯ ಗೇಟಿನ ಬಳಿ ಲಾರಿ ನಿಲ್ಲಿಸಿದಾಗ ನಾರ್ಮನ್ ಬಾಯಿಬಿಟ್ಟ. ಸಾಹೇಬರೇ ಹೇಳಿದರಲ್ಲ, ಲಂಡನ್ ಇದಕ್ಕೆ ಒಗ್ಗುವುದಿಲ್ಲವೆಂದು. ಇನ್ನು ಆಗುವುದಿಲ್ಲವೆಂದು ಸಾಲ್ವೋಗೆ ಹೇಳಿಬಿಡೋಣ ಎಂದ. ಸರ್ಟಿಫಿಕೇಟ್ ಅವನ ತೊಡೆಯ ಮೇಲೇ ಇತ್ತು.

"ನೀನು ಇಳಿ. ಸೋಮವಾರದಿಂದ ನಾನು ಓಡಿಸ್ತೀನಿ," ಎಂದೆ.

"ಹಿಂಗೇನಾ? ದಿನಾ ಹಿಂಗೇ ಓಡಿಸಿದ್ರೆ ಅದಕ್ಕೆ ನೋವಾಗಲ್ವೇನೇ?"

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

"ಹೋದ ಚಳಿಗಾಲದಲ್ಲಿ ನನ್ನ ಸೊಂಟದ ಆಪರೇಷನ್ ಆಯ್ತಲ್ಲ ನಾರ್ಮನ್. ನೋವಾಯ್ತಾ ಅಂತ ಒಂದು ದಿನ ಕೇಳಿದ್ಯಾ?"

ಅವನು ಯೋಚಿಸಿದ. ಪಾಪ, ಪ್ರಾಮಾಣಿಕವಾಗಿಯೇ ಯೋಚಿಸಿದ, ಕೇಳಿದ್ದು ನೆನಪಿಗೆ ಬಂದೀತೇನೋ ಎಂದು. ಬರಲಿಲ್ಲ. ಸರ್ಟಿಫಿಕೇಟನ್ನು ಸೀಟಿನ ಮೇಲಿಟ್ಟು ಇಳಿದ, ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಇನ್ನೂ ಬೆಳಕಿರುವಾಗಲೇ ಸಾಲ್ವೋನ ಅಂಗಳ ತಲುಪಿದೆ. ಅವನು ಸರ್ಟಿಫಿಕೇಟ್ ಓದಿ, ಸೋಮವಾರ ನಾರ್ಮನ್ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕೇಳಿದ. ನಾರ್ಮನ್ ಬರುವುದಿಲ್ಲ, ನಾನು ಬರುತ್ತೇನೆ ಎಂದೆ.